ಸಸ್ಯಮೂಲದ ಆಹಾರ ಕರುಳಿನ ಕ್ಯಾನ್ಸರನ್ನು ತಡೆಯುತ್ತದೆಯೇ? ಸುದ್ದಿಗಳ ಗೊಂದಲ, ಪುರಾವೆಗಳ ಲೆಕ್ಕ

2022ರ ಕೊನೆಯಲ್ಲಿ ಬಂದ ಸುದ್ದಿಯೊಂದು ಹೀಗಿತ್ತು: ಧಾನ್ಯ, ಕಾಳು, ತರಕಾರಿ, ಹಣ್ಣುಗಳನ್ನು ಹೆಚ್ಚಾಗಿ ತಿನ್ನುವ ಗಂಡಸರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಂಭವ ಶೇ 22ರಷ್ಟು ಕಡಿಮೆ. ಅದೇ ಅಧ್ಯಯನದಲ್ಲಿ ಹೆಂಗಸರಿಗೆ ಅಂಥ ಲಾಭವೇನೂ ಕಾಣಿಸಲಿಲ್ಲ. 2025ರ ಜನವರಿಯಲ್ಲಿ ಇನ್ನೊಂದು ಸುದ್ದಿ: ದಿನಕ್ಕೊಂದು ದೊಡ್ಡ ಲೋಟ ಹಾಲು ಕುಡಿಯುವವರಲ್ಲಿ ಇದೇ ಕ್ಯಾನ್ಸರಿನ ಸಂಭವ ಶೇ 17ರಷ್ಟು ಕಡಿಮೆ. ಹಾಗಾದರೆ ರಕ್ಷಣೆ ಕೊಡುವುದು ಸೊಪ್ಪೋ, ಹಾಲೋ? ಗಂಡಸಿನ ಕರುಳಿಗೆ ಒಗ್ಗಿದ್ದು ಹೆಂಗಸಿನ ಕರುಳಿಗೆ ಏಕೆ ಒಗ್ಗುವುದಿಲ್ಲ? ಇದರ ನಡುವೆ, ಬ್ರಿಟನ್ನಿನಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಸ್ಯಾಹಾರಿಗಳಲ್ಲೇ ಈ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು ಎಂಬುದನ್ನೂ ಯಾರಾದರೂ ನೆನಪಿಸುತ್ತಾರೆ. ಓದುಗ ಪತ್ರಿಕೆ ಮಡಚಿಟ್ಟು, ಏನು ತಿಂದರೂ ಒಂದೇ ಎಂಬ ತೀರ್ಮಾನಕ್ಕೆ ಬಂದರೆ ಅವನನ್ನು ದೂರುವಂತಿಲ್ಲ.

ಆದರೆ ಈ ಸುದ್ದಿಗಳಲ್ಲಿ ಯಾವುದೂ ಸುಳ್ಳಲ್ಲ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು. ತಲೆಬರಹದ ಇಕ್ಕಟ್ಟಿನಲ್ಲಿ ಪ್ರಶ್ನೆ ಬಿದ್ದುಹೋಗಿ ಉತ್ತರ ಮಾತ್ರ ಉಳಿಯುತ್ತದೆ. ಪ್ರಶ್ನೆಗಳನ್ನು ಮತ್ತೆ ಜೋಡಿಸಿ ನೋಡಿದರೆ ಚಿತ್ರ ಸಾಕಷ್ಟು ತಿಳಿಯಾಗುತ್ತದೆ.

ನಿಧಾನವಾಗಿ ಬೆಳೆಯುವ ರೋಗ

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರುಗಳನ್ನು ಸಾಮಾನ್ಯವಾಗಿ ಒಟ್ಟಿಗೆ ಲೆಕ್ಕ ಹಾಕುತ್ತಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಜನರಲ್ಲಿ ಇದು ಹೊಸದಾಗಿ ಪತ್ತೆಯಾಯಿತು, ಸುಮಾರು 9 ಲಕ್ಷ ಜನ ಇದರಿಂದ ಸತ್ತರು. ಹೊಸ ರೋಗಿಗಳ ಸಂಖ್ಯೆಯಲ್ಲಿ ಕ್ಯಾನ್ಸರುಗಳ ಪೈಕಿ ಇದಕ್ಕೆ ಮೂರನೆಯ ಸ್ಥಾನ, ಸಾವಿನಲ್ಲಿ ಎರಡನೆಯದು.

ಈ ರೋಗ ಒಂದು ದಿನ ದಿಢೀರನೆ ಹುಟ್ಟುವುದಿಲ್ಲ. ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸದಾಗುತ್ತವೆ. ಹೀಗೆ ಸತತವಾಗಿ ವಿಭಜನೆ ನಡೆಯುವಾಗ ಡಿಎನ್‌ಎಯಲ್ಲಿ ತಪ್ಪುಗಳು ಸೇರಿಕೊಳ್ಳುತ್ತವೆ. ಅಂಥ ತಪ್ಪು ಸೇರಿದ ಕೋಶಗಳ ಗುಂಪು ಮೊದಲು ಪಾಲಿಪ್ ಎಂಬ ಸಣ್ಣ ಗಂಟಾಗುತ್ತದೆ. ಹೆಚ್ಚಿನ ಪಾಲಿಪ್‌ಗಳು ನಿರುಪದ್ರವಿಗಳಾಗಿಯೇ ಉಳಿಯುತ್ತವೆ. ಕೆಲವು ಮಾತ್ರ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಕ್ಯಾನ್ಸರಾಗುತ್ತವೆ.

ಈ ದೀರ್ಘ ಅವಧಿಯೇ ಆಹಾರಕ್ಕೆ ಪ್ರಭಾವ ಬೀರಲು ಅವಕಾಶ ಕೊಡುವುದು. ಅದೇ ಅವಧಿ ಆಹಾರದ ಪ್ರಭಾವವನ್ನು ಅಳೆಯುವವರಿಗೆ ದೊಡ್ಡ ತೊಡಕೂ ಹೌದು. ನಾಲ್ಕು ವರ್ಷದ ಪ್ರಯೋಗವೊಂದು ಇಪ್ಪತ್ತು ವರ್ಷದ ಕಥೆಯ ಒಂದು ಅಧ್ಯಾಯವನ್ನಷ್ಟೇ ಓದಬಲ್ಲದು.

ನಾರು ಕರುಳಿನಲ್ಲಿ ಮಾಡುವ ಕೆಲಸ

ಧಾನ್ಯ, ಕಾಳು, ತರಕಾರಿಗಳಲ್ಲಿರುವ ನಾರನ್ನು ನಮ್ಮ ಜೀರ್ಣರಸಗಳು ಕರಗಿಸಲಾರವು. ಅದು ಸಣ್ಣ ಕರುಳನ್ನು ಹೆಚ್ಚುಕಡಿಮೆ ಹಾಗೆಯೇ ದಾಟಿ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ನಾರನ್ನು ಹುದುಗಿಸಿ ಕಿರು ಸರಪಳಿಯ ಕೊಬ್ಬಿನಾಮ್ಲಗಳನ್ನು ಬಿಡುಗಡೆ ಮಾಡುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ಎಂಬುದು ಮುಖ್ಯವಾದದ್ದು. ಕರುಳಿನ ಒಳಪದರದ ಆರೋಗ್ಯವಂತ ಕೋಶಗಳು ತಮ್ಮ ಶಕ್ತಿಯ ದೊಡ್ಡ ಪಾಲನ್ನು ಇದರಿಂದಲೇ ಪಡೆಯುತ್ತವೆ. ಪ್ರಯೋಗಾಲಯದಲ್ಲಿ ಅದೇ ಬ್ಯುಟಿರೇಟ್ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಗ್ಗಿಸುತ್ತದೆ, ಉರಿಯೂತವನ್ನು ಕಡಿಮೆ ಮಾಡುತ್ತದೆ.

ಎರಡನೆಯ ಕೆಲಸ ಯಾಂತ್ರಿಕವಾದದ್ದು. ನಾರು ಮಲದ ಗಾತ್ರವನ್ನು ಹೆಚ್ಚಿಸಿ ಅದು ಬೇಗ ಸಾಗುವಂತೆ ಮಾಡುತ್ತದೆ. ಗಾತ್ರ ಹೆಚ್ಚಿದರೆ ಅದರಲ್ಲಿರುವ ಹಾನಿಕರ ವಸ್ತುಗಳು ತೆಳುವಾಗುತ್ತವೆ, ಬೇಗ ಸಾಗಿದರೆ ಆ ವಸ್ತುಗಳು ಕರುಳಿನ ಗೋಡೆಗೆ ತಾಗಿಕೊಂಡಿರುವ ಹೊತ್ತು ಕಡಿಮೆಯಾಗುತ್ತದೆ.

ಇದನ್ನು ಮನುಷ್ಯರಲ್ಲೇ ಪರೀಕ್ಷಿಸಿದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಅಮೆರಿಕದ 20 ಆಫ್ರಿಕನ್ ಅಮೆರಿಕನ್ನರು ಮತ್ತು ದಕ್ಷಿಣ ಆಫ್ರಿಕಾದ ಗ್ರಾಮಾಂತರದ 20 ಜನ ಎರಡು ವಾರ ಊಟವನ್ನು ಅದಲು ಬದಲು ಮಾಡಿಕೊಂಡರು. ಮೊದಲಿನವರಿಗೆ ನಾರು ಹೆಚ್ಚು, ಕೊಬ್ಬು ಕಡಿಮೆ. ಎರಡನೆಯವರಿಗೆ ಅದರ ತಿರುವುಮುರುವು. ಅಮೆರಿಕನ್ನರ ಕರುಳಿನಲ್ಲಿ ಬ್ಯುಟಿರೇಟ್ ಏರಿತು, ಉರಿಯೂತದ ಲಕ್ಷಣಗಳೂ ಕೋಶ ವಿಭಜನೆಯ ವೇಗವೂ ಇಳಿದವು. ಆಫ್ರಿಕಾದ ಗುಂಪಿನಲ್ಲಿ ಎಲ್ಲವೂ ಉಲ್ಟಾ ಆಯಿತು. ಎರಡು ವಾರದಲ್ಲಿ ಯಾರಿಗೂ ಕ್ಯಾನ್ಸರ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಆದರೆ ಕರುಳಿನ ಒಳಗಿನ ಪರಿಸರ ಎಷ್ಟು ಬೇಗ ಊಟಕ್ಕೆ ಸ್ಪಂದಿಸುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ಕಡಿಮೆ.

ಮಾಂಸದ ಕಡೆಯ ಲೆಕ್ಕ

ತಟ್ಟೆಯಲ್ಲಿ ಸಸ್ಯದ ಪಾಲು ಹೆಚ್ಚಿದರೆ ಇನ್ನೇನೋ ಕಡಿಮೆಯಾಗಲೇಬೇಕು. ಆ ಇನ್ನೇನೋ ಹಲವು ಸಲ ಮಾಂಸ. 2015ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ಸಂಸ್ಕರಿಸಿದ ಮಾಂಸವನ್ನು, ಎಂದರೆ ಉಪ್ಪು, ಹೊಗೆ ಅಥವಾ ರಾಸಾಯನಿಕ ಹಾಕಿ ಕೆಡದಂತೆ ಇಟ್ಟ ಮಾಂಸವನ್ನು, ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿದರು. ಕೆಂಪು ಮಾಂಸ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿತು. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು ಶೇ 18ರಷ್ಟು ಹೆಚ್ಚುತ್ತದೆ ಎಂದು ಅವರ ಅಂದಾಜು.

ಆಗ ಎದ್ದ ಗದ್ದಲ ಇಂದಿಗೂ ಪೂರ್ತಿ ತಣ್ಣಗಾಗಿಲ್ಲ. ತಂಬಾಕು ಇರುವ ಗುಂಪಿನಲ್ಲೇ ಈ ಮಾಂಸವೂ ಇದೆ ಎಂದಾಗ ಎರಡೂ ಸಮಾನ ಅಪಾಯಕಾರಿ ಎಂದು ಹಲವರು ತಿಳಿದುಕೊಂಡರು. ಈ ವಿಂಗಡಣೆ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ಕಾರಣಗಳು ಒಂದಕ್ಕಿಂತ ಹೆಚ್ಚು. ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಕಬ್ಬಿಣಯುಕ್ತ ಅಂಶ ಕರುಳಿನಲ್ಲಿ ನೈಟ್ರೊಸೊ ಸಂಯುಕ್ತಗಳು ರೂಪುಗೊಳ್ಳಲು ನೆರವಾಗುತ್ತದೆ. ಸಂಸ್ಕರಣೆಗೆ ಬಳಸುವ ನೈಟ್ರೈಟ್ ಅದಕ್ಕೆ ಇನ್ನಷ್ಟು ಸರಕು ಒದಗಿಸುತ್ತದೆ. ಅತಿ ಬಿಸಿಯಲ್ಲಿ ಸುಟ್ಟಾಗ ಬೇರೆ ಹಾನಿಕರ ರಾಸಾಯನಿಕಗಳು ಹುಟ್ಟುತ್ತವೆ. ಹೀಗಾಗಿ ಸಸ್ಯಮೂಲದ ಊಟದಿಂದ ಕಂಡ ಲಾಭದಲ್ಲಿ ನಾರಿನ ಪಾಲೆಷ್ಟು, ಮಾಂಸ ಇಲ್ಲದಿರುವುದರ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಅರ್ಧ ಶತಮಾನದ ಹಗ್ಗಜಗ್ಗಾಟ

ನಾರಿಗೂ ಕರುಳಿನ ಕ್ಯಾನ್ಸರಿಗೂ ಸಂಬಂಧವಿದೆ ಎಂಬ ವಾದವನ್ನು ಜನಪ್ರಿಯಗೊಳಿಸಿದವರು ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್. ಉಗಾಂಡದಲ್ಲಿ ಬಹುಕಾಲ ಕೆಲಸ ಮಾಡಿದ್ದ ಅವರು, ಯುರೋಪಿನಲ್ಲಿ ಸಾಮಾನ್ಯವಾದ ಈ ಕ್ಯಾನ್ಸರ್ ಆಫ್ರಿಕಾದ ಗ್ರಾಮೀಣರಲ್ಲಿ ಅಪರೂಪ ಎಂಬುದನ್ನು ಗಮನಿಸಿ, ಅದಕ್ಕೆ ನಾರು ತುಂಬಿದ ಆಹಾರವೇ ಕಾರಣ ಎಂದು 1971ರಲ್ಲಿ ವಾದಿಸಿದರು. ಸೊಗಸಾದ ಊಹೆ. ಆದರೆ ಎರಡು ಸಮಾಜಗಳ ನಡುವೆ ಊಟವೊಂದೇ ಅಲ್ಲ, ದುಡಿಮೆ, ತೂಕ, ಆಯುಷ್ಯ, ರೋಗಪತ್ತೆಯ ಅನುಕೂಲ ಎಲ್ಲವೂ ಬೇರೆ.

ಆನಂತರ ಬಂದ ಅಧ್ಯಯನಗಳು ಈ ಊಹೆಯನ್ನು ಒಮ್ಮೆ ಎತ್ತಿದವು, ಒಮ್ಮೆ ಕೆಡವಿದವು. 1999ರಲ್ಲಿ ಅಮೆರಿಕದ ಸುಮಾರು 88 ಸಾವಿರ ದಾದಿಯರನ್ನು 16 ವರ್ಷ ಹಿಂಬಾಲಿಸಿದ ಅಧ್ಯಯನ, ನಾರಿಗೂ ಕರುಳಿನ ಕ್ಯಾನ್ಸರಿಗೂ ಸಂಬಂಧವೇ ಇಲ್ಲ ಎಂದಿತು. ಮರುವರ್ಷ ಎರಡು ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಬಂದವು. ಒಂದರಲ್ಲಿ ಪಾಲಿಪ್ ತೆಗೆಸಿಕೊಂಡಿದ್ದ ಸುಮಾರು ಎರಡು ಸಾವಿರ ಜನರ ಪೈಕಿ ಅರ್ಧದಷ್ಟು ಜನರಿಗೆ ನಾರು, ಹಣ್ಣು, ತರಕಾರಿ ಹೆಚ್ಚಾಗಿರುವ, ಕೊಬ್ಬು ಕಡಿಮೆ ಇರುವ ಊಟವನ್ನು ಸೂಚಿಸಲಾಗಿತ್ತು. ಇನ್ನೊಂದರಲ್ಲಿ ಗೋಧಿಯ ತವುಡಿನ ಪರೀಕ್ಷೆ. ಎರಡರಲ್ಲೂ ಪಾಲಿಪ್ ಮರುಕಳಿಸುವುದು ಕಡಿಮೆಯಾಗಲಿಲ್ಲ.

ನಾರಿನ ಕಥೆ ಮುಗಿಯಿತು ಎಂದು ಬರೆದವರಿದ್ದರು. ಅಷ್ಟರಲ್ಲಿ 2003ರಲ್ಲಿ ಯುರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ ಪ್ರಕಟವಾಯಿತು. ನಾರು ತೀರಾ ಕಡಿಮೆ ತಿನ್ನುವ ಸಮುದಾಯಗಳಲ್ಲಿ ಅದನ್ನು ಎರಡರಷ್ಟು ಮಾಡಿದರೆ ಸಂಭವ ಶೇ 40ರಷ್ಟು ಇಳಿಯಬಹುದು ಎಂದು ಅದು ಲೆಕ್ಕ ಹಾಕಿತು. 2005ರಲ್ಲಿ 13 ಅಧ್ಯಯನಗಳ ಏಳು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದವರು ಮತ್ತೆ ತಣ್ಣೀರೆರಚಿದರು: ಮೊದಲ ನೋಟಕ್ಕೆ ಲಾಭ ಕಾಣುತ್ತದೆ, ಇತರ ಅಪಾಯಕಾರಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಾಯವಾಗುತ್ತದೆ. 2011ರ ಹೊತ್ತಿಗೆ ಇನ್ನಷ್ಟು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ದಿನಕ್ಕೆ 10 ಗ್ರಾಂ ನಾರು ಹೆಚ್ಚಿದಂತೆ ಸಂಭವ ಶೇ 10ರಷ್ಟು ಇಳಿಯುವುದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ನಡೆದು 2019ರಲ್ಲಿ ಪ್ರಕಟವಾದ ವಿಸ್ತೃತ ಪರಿಶೀಲನೆಯೂ ನಾರಿನ ಪರವಾಗಿಯೇ ಬಂತು. ದಿನಕ್ಕೆ 25ರಿಂದ 29 ಗ್ರಾಂ ನಾರು ತಿನ್ನುವವರಲ್ಲಿ ಲಾಭ ಎದ್ದು ಕಾಣುತ್ತಿತ್ತು.

ಈ ಎಳೆದಾಟಕ್ಕೆ ಕಾರಣ ಸಂಶೋಧಕರ ಚಂಚಲತೆಯಲ್ಲ. ಮೊದಲನೆಯದಾಗಿ, ನಾರು ಹೆಚ್ಚು ತಿನ್ನುವವರು ಸಾಮಾನ್ಯವಾಗಿ ಧೂಮಪಾನ ಮಾಡುವುದೂ ಕಡಿಮೆ, ಮದ್ಯ ಕುಡಿಯುವುದೂ ಕಡಿಮೆ, ನಡೆಯುವುದು ಹೆಚ್ಚು. ಇವೆಲ್ಲ ಕರುಳಿನ ಕ್ಯಾನ್ಸರಿಗೆ ಸಂಬಂಧಿಸಿದವೇ. ಇವುಗಳ ಪಾಲನ್ನು ಕಳೆದಷ್ಟೂ ನಾರಿನ ಪಾಲು ಚಿಕ್ಕದಾಗುತ್ತದೆ. ಎರಡನೆಯದಾಗಿ, ಕಳೆದ ವರ್ಷ ಏನು ತಿಂದಿರಿ ಎಂಬ ಪ್ರಶ್ನಾವಳಿಗೆ ಯಾರೂ ನಿಖರವಾಗಿ ಉತ್ತರಿಸಲಾರರು. ಉತ್ತರದ ಗೊಂದಲ ಹೆಚ್ಚಿದಂತೆ ನಿಜವಾದ ಸಂಬಂಧವೂ ಮಸುಕಾಗುತ್ತದೆ. ಮೂರನೆಯದು ಕಾಲ: ಮೂರು, ನಾಲ್ಕು ವರ್ಷದ ಪ್ರಯೋಗಗಳು ನೋಡಿದ್ದು ಈಗಾಗಲೇ ಪಾಲಿಪ್ ಬಂದವರನ್ನು ಮತ್ತು ಮತ್ತೊಂದು ಪಾಲಿಪ್ ಬರುವುದನ್ನು, ಕ್ಯಾನ್ಸರನ್ನಲ್ಲ. ಅಂಥ ಒಂದು ಪ್ರಯೋಗದಲ್ಲಿ ಸೂಚಿಸಿದ ಊಟವನ್ನು ಕಟ್ಟುನಿಟ್ಟಾಗಿ ಪಾಲಿಸಿದವರಲ್ಲಿ ಪಾಲಿಪ್ ಕಡಿಮೆ ಮರುಕಳಿಸಿತು ಎಂದು ನಂತರದ ವಿಶ್ಲೇಷಣೆ ಹೇಳಿತು. ಅದನ್ನೂ ಎಚ್ಚರಿಕೆಯಿಂದಲೇ ಓದಬೇಕು. ಕಟ್ಟುನಿಟ್ಟಾಗಿ ಪಾಲಿಸುವವರು ಬೇರೆ ವಿಷಯಗಳಲ್ಲೂ ಶಿಸ್ತಿನವರೇ ಆಗಿರುತ್ತಾರೆ.

ಒಟ್ಟಿನಲ್ಲಿ ಪುರಾವೆಯ ತಕ್ಕಡಿ ಎತ್ತ ವಾಲಿದೆ? ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2018ರ ವರದಿ ತವುಡು ತೆಗೆಯದ ಧಾನ್ಯಗಳನ್ನೂ ನಾರಿನಂಶವುಳ್ಳ ಆಹಾರವನ್ನೂ 'ಬಹುಮಟ್ಟಿಗೆ ರಕ್ಷಕ' ಎಂಬ ವರ್ಗಕ್ಕೆ ಸೇರಿಸಿತು. ತರಕಾರಿ ಮತ್ತು ಹಣ್ಣಿನ ವಿಷಯದಲ್ಲಿ ಸಿಕ್ಕ ಪುರಾವೆ ಸೀಮಿತವಾದದ್ದು ಎಂದಿತು. ಸಸ್ಯಾಹಾರ ಎಂದೊಡನೆ ಕಣ್ಣಿಗೆ ಕಟ್ಟುವುದು ಹಸಿರು ತರಕಾರಿ. ಕರುಳಿನ ಕ್ಯಾನ್ಸರಿನ ಮಟ್ಟಿಗೆ ಬಲವಾದ ಪುರಾವೆ ಇರುವುದು ಸಪ್ಪೆಯಾಗಿ ಕಾಣುವ ಇಡೀ ಧಾನ್ಯದ ಕಡೆಗೆ. ಜಾಹೀರಾತುಗಳು ಇದನ್ನು ಹೇಳುವುದು ಕಡಿಮೆ.

ಗಂಡಸರಿಗೆ ಮಾತ್ರ ಲಾಭವೇ?

2022ರ ಅಧ್ಯಯನ ನಡೆದದ್ದು ಹವಾಯಿ ಮತ್ತು ಲಾಸ್ ಏಂಜಲೀಸ್‌ನ ಬೇರೆ ಬೇರೆ ಜನಾಂಗಗಳ ಸುಮಾರು 80 ಸಾವಿರ ಗಂಡಸರು ಹಾಗೂ 93 ಸಾವಿರ ಹೆಂಗಸರಲ್ಲಿ. ಸರಾಸರಿ 19 ವರ್ಷ ಅವರನ್ನು ಗಮನಿಸಲಾಗಿತ್ತು. ಹೆಂಗಸರಲ್ಲಿ ಲಾಭ ಕಾಣದಿದ್ದುದಕ್ಕೆ ಸಾಧ್ಯವಾದ ವಿವರಣೆಗಳಿವೆ. ಗಂಡಸರಲ್ಲಿ ಈ ಕ್ಯಾನ್ಸರಿನ ಪ್ರಮಾಣವೇ ಹೆಚ್ಚು. ಜೊತೆಗೆ ಹೆಂಗಸರು ಮೊದಲೇ ಸಸ್ಯಮೂಲದ ಆಹಾರವನ್ನು ಹೆಚ್ಚು ತಿನ್ನುತ್ತಿದ್ದರೆ, ಅವರಲ್ಲಿ ಅತಿ ಹೆಚ್ಚು ತಿನ್ನುವವರಿಗೂ ಅತಿ ಕಡಿಮೆ ತಿನ್ನುವವರಿಗೂ ನಡುವಿನ ಅಂತರ ಕಿರಿದಾಗಿ, ವ್ಯತ್ಯಾಸ ಅಂಕಿಗಳಲ್ಲಿ ಮೂಡದೇ ಹೋಗಬಹುದು. ವ್ಯತ್ಯಾಸ ಕಾಣಲಿಲ್ಲ ಎನ್ನುವುದೂ ವ್ಯತ್ಯಾಸ ಇಲ್ಲ ಎನ್ನುವುದೂ ಒಂದೇ ಅಲ್ಲ. ಇದೊಂದೇ ಅಧ್ಯಯನ ಹಿಡಿದು ಹೆಂಗಸರಿಗೆ ಬೇರೆ ಸಲಹೆ ಕೊಡಲು ಯಾವ ಆಧಾರವೂ ಇಲ್ಲ.

ಇದರಲ್ಲಿ ಎಲ್ಲರೂ ದಾಟಿ ಹೋದ ಒಂದು ವಿವರವಿದೆ. ಸಂಶೋಧಕರು ಸಸ್ಯಮೂಲವಾದದ್ದೆಲ್ಲವನ್ನೂ ಒಳ್ಳೆಯದೆಂದು ಎಣಿಸಿರಲಿಲ್ಲ. ಇಡೀ ಧಾನ್ಯ, ಕಾಳು, ಬೀಜ, ತರಕಾರಿ, ಹಣ್ಣುಗಳಿಗೆ ಅಂಕ ಕೂಡಿಸಿ, ನಯಗೊಳಿಸಿದ ಧಾನ್ಯ, ಹಣ್ಣಿನ ರಸ, ಬೆರೆಸಿದ ಸಕ್ಕರೆಗಳಿಗೆ ಅಂಕ ಕಳೆದಿದ್ದರು. ಗಂಡಸರಲ್ಲಿ ಕಂಡ ಆ ಶೇ 22 ಸೇರಿದ್ದು ಇಂಥ ಊಟಕ್ಕೆ, ಮಾಂಸ ಬಿಟ್ಟ ಯಾವುದೋ ಊಟಕ್ಕಲ್ಲ.

ಸಸ್ಯಾಹಾರಿ ಎಂಬ ಹಣೆಪಟ್ಟಿ

ಇಲ್ಲಿಂದ 2009ರ ಬ್ರಿಟಿಷ್ ಅಧ್ಯಯನದ ಒಗಟೂ ಅರ್ಧ ಬಿಡಿಸಿಕೊಳ್ಳುತ್ತದೆ. ಸುಮಾರು 63 ಸಾವಿರ ಜನರ ಆ ಅಧ್ಯಯನದಲ್ಲಿ ಎಲ್ಲ ಕ್ಯಾನ್ಸರುಗಳನ್ನೂ ಕೂಡಿಸಿದರೆ ಸಸ್ಯಾಹಾರಿಗಳಲ್ಲಿ ಸಂಭವ ಕಡಿಮೆಯೇ ಇತ್ತು. ಕರುಳಿನ ಕ್ಯಾನ್ಸರ್ ಮಾತ್ರ ಹೆಚ್ಚು ಕಂಡಿತು. ಇದಕ್ಕೆ ಎದುರಾಗಿ, ಅಮೆರಿಕ ಮತ್ತು ಕೆನಡಾದ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ 77 ಸಾವಿರ ಜನರ ಕುರಿತು 2015ರಲ್ಲಿ ಬಂದ ಅಧ್ಯಯನದಲ್ಲಿ ಸಸ್ಯಾಹಾರಿಗಳಿಗೆ ಸಂಭವ ಶೇ 22ರಷ್ಟು ಕಡಿಮೆ. ಎಲ್ಲರಿಗಿಂತ ಹೆಚ್ಚು ಲಾಭ ಕಂಡದ್ದು ಮೀನು ಸೇವಿಸುವ, ಉಳಿದ ಮಾಂಸ ಬಿಟ್ಟವರಲ್ಲಿ.

ಯಾವುದು ಸರಿ? ಎರಡೂ ಸರಿಯಿರಬಹುದು. ಬ್ರಿಟಿಷ್ ಅಧ್ಯಯನದಲ್ಲಿದ್ದ ಮಾಂಸಾಹಾರಿಗಳೂ ಆರೋಗ್ಯದ ಕಾಳಜಿಯುಳ್ಳವರೇ, ಮಿತವಾಗಿ ಮಾಂಸ ತಿನ್ನುವವರೇ ಆಗಿದ್ದರೆ, ಸಸ್ಯಾಹಾರಿಗಳಿಗೂ ಅವರಿಗೂ ಊಟದಲ್ಲಿದ್ದ ಅಂತರ ಹೆಸರಿನಲ್ಲಿ ಕಾಣುವಷ್ಟು ದೊಡ್ಡದಿರಲಿಲ್ಲ ಎಂದಾಗುತ್ತದೆ. ಅಡ್ವೆಂಟಿಸ್ಟರಲ್ಲಿ ಧೂಮಪಾನ, ಮದ್ಯ ಎರಡೂ ತೀರಾ ಕಡಿಮೆ, ಹಾಗಾಗಿ ಊಟದ ಪ್ರಭಾವ ಬೇರೆ ಗದ್ದಲವಿಲ್ಲದೆ ಕಾಣುತ್ತದೆ. ಮುಖ್ಯವಾಗಿ, ಸಸ್ಯಾಹಾರಿ ಎಂಬ ಹಣೆಪಟ್ಟಿ ತಟ್ಟೆಯಲ್ಲಿ ಏನಿಲ್ಲ ಎಂಬುದನ್ನು ಹೇಳುತ್ತದೆಯೇ ಹೊರತು ಏನಿದೆ ಎಂಬುದನ್ನಲ್ಲ. ನಯವಾದ ಬಿಳಿ ಹಿಟ್ಟು, ಸಕ್ಕರೆ, ಕರಿದ ತಿಂಡಿಗಳ ಮೇಲೆ ಬದುಕುವವನೂ ಶುದ್ಧ ಸಸ್ಯಾಹಾರಿಯೇ. ವಾರಕ್ಕೊಮ್ಮೆ ಮಾಂಸ ತಿಂದು ಉಳಿದ ದಿನ ಕಾಳು, ಇಡೀ ಧಾನ್ಯ ತಿನ್ನುವವನ ಕರುಳಿಗೆ ಸಿಗುವ ನಾರು ಇವನಿಗೆ ಸಿಗದೇ ಹೋಗಬಹುದು. ಮಾಂಸ ತಿನ್ನಬೇಕೇ ಬೇಡವೇ ಎಂಬ ಚರ್ಚೆ ನೈತಿಕ, ಧಾರ್ಮಿಕ ಕಾರಣಗಳಿಗಾಗಿ ನಡೆಯಲಿ. ಅದನ್ನು ಕರುಳಿನ ಕ್ಯಾನ್ಸರಿನ ಚರ್ಚೆಯೊಂದಿಗೆ ಬೆರೆಸಿದಾಗ ಎರಡೂ ಕೆಡುತ್ತವೆ.

ಹಾಲಿನ ಸುದ್ದಿ ಏನು ಹೇಳಿತು

2025ರ ಅಧ್ಯಯನ ಬ್ರಿಟನ್ನಿನ 5 ಲಕ್ಷ 42 ಸಾವಿರ ಮಹಿಳೆಯರದ್ದು. ಆಹಾರಕ್ಕೆ ಸಂಬಂಧಿಸಿದ 97 ಅಂಶಗಳನ್ನು ಅದು ಪರಿಶೀಲಿಸಿತು. ದಿನಕ್ಕೆ 300 ಮಿಲಿಗ್ರಾಂ ಹೆಚ್ಚುವರಿ ಕ್ಯಾಲ್ಸಿಯಂ, ಅಂದರೆ ಒಂದು ದೊಡ್ಡ ಲೋಟ ಹಾಲಿನಲ್ಲಿರುವಷ್ಟು, ಶೇ 17ರಷ್ಟು ಕಡಿಮೆ ಸಂಭವದೊಂದಿಗೆ ತಳಕು ಹಾಕಿಕೊಂಡಿತ್ತು. ದಿನಕ್ಕೆ 20 ಗ್ರಾಂ ಹೆಚ್ಚುವರಿ ಮದ್ಯಸಾರ ಸಂಭವವನ್ನು ಶೇ 15ರಷ್ಟು ಏರಿಸುತ್ತಿತ್ತು. ಕ್ಯಾಲ್ಸಿಯಂ ಕರುಳಿನಲ್ಲಿ ಪಿತ್ತದ ಆಮ್ಲಗಳನ್ನು ಹಿಡಿದುಕೊಂಡು ಅವು ಗೋಡೆಯನ್ನು ಕೆರಳಿಸದಂತೆ ಮಾಡುತ್ತದೆ ಎಂಬುದು ಒಪ್ಪಿತವಾದ ವಿವರಣೆ. ಹಾಲಿನಿಂದಲ್ಲದೆ ಬೇರೆ ಮೂಲಗಳಿಂದ ಬಂದ ಕ್ಯಾಲ್ಸಿಯಂ ಕೂಡ ಇದೇ ರೀತಿ ಕೆಲಸ ಮಾಡುವಂತೆ ಕಂಡಿತು. ಇಡೀ ಧಾನ್ಯ, ಹಣ್ಣು, ನಾರುಗಳೂ ಅದೇ ಅಧ್ಯಯನದಲ್ಲಿ ರಕ್ಷಣೆಯ ಕಡೆಗೇ ಇದ್ದವು, ಪ್ರಭಾವ ಮಾತ್ರ ಸೌಮ್ಯ. ಹಾಲಿನ ಸುದ್ದಿ ನಾರಿನ ಸುದ್ದಿಯನ್ನು ಅಳಿಸಲಿಲ್ಲ. ತಲೆಬರಹದಲ್ಲಿ ಜಾಗ ಒಂದಕ್ಕೇ ಇತ್ತು.

ಶೇ 22 ಎಂದರೆ ಎಷ್ಟು ಜನ?

ಅಮೆರಿಕದಲ್ಲಿ ಸುಮಾರು 24 ಗಂಡಸರಲ್ಲಿ ಒಬ್ಬರಿಗೆ ಜೀವಿತಾವಧಿಯಲ್ಲಿ ಈ ಕ್ಯಾನ್ಸರ್ ಬರುತ್ತದೆ ಎಂಬ ಅಂದಾಜಿದೆ, ಎಂದರೆ ನೂರಕ್ಕೆ ನಾಲ್ವರು. ಅದು ಶೇ 22ರಷ್ಟು ಇಳಿದರೆ ನೂರಕ್ಕೆ ಮೂವರು. ನೂರು ಜನ ದಶಕಗಳ ಕಾಲ ಊಟ ಬದಲಿಸಿಕೊಂಡರೆ ಒಬ್ಬರಿಗೆ ರೋಗ ತಪ್ಪುತ್ತದೆ. ಒಬ್ಬ ವ್ಯಕ್ತಿಯ ದೃಷ್ಟಿಯಲ್ಲಿ ಇದು ಸಣ್ಣದು. ಕೋಟಿಗಟ್ಟಲೆ ಜನರಿರುವ ದೇಶದ ಆರೋಗ್ಯ ಇಲಾಖೆಯ ದೃಷ್ಟಿಯಲ್ಲಿ ಬಹಳ ದೊಡ್ಡದು. ತಜ್ಞರು ಉತ್ಸಾಹದಿಂದ ಹೇಳುವುದಕ್ಕೂ ಜನ ಅನುಮಾನದಿಂದ ಕೇಳುವುದಕ್ಕೂ ಕಾರಣ ಈ ಎರಡು ಅಳತೆಗಳೇ.

ಬ್ರಿಟನ್ನಿನ ಒಂದು ಲೆಕ್ಕಾಚಾರದ ಪ್ರಕಾರ ಅಲ್ಲಿನ ಕರುಳಿನ ಕ್ಯಾನ್ಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಡೆಯಬಹುದಾದವು. ನಾರಿನ ಕೊರತೆಯಿಂದ ಸುಮಾರು ಶೇ 28, ಸಂಸ್ಕರಿಸಿದ ಮಾಂಸದಿಂದ ಶೇ 13, ಅತಿತೂಕದಿಂದ ಶೇ 11 ಎಂದು ಅದು ಹಂಚುತ್ತದೆ. ಈ ಅಂಕಿಗಳನ್ನು ಬೇರೆ ದೇಶಕ್ಕೆ ಎತ್ತಿ ಒಯ್ಯುವಂತಿಲ್ಲ. ಜನ ಈಗ ಏನು ತಿನ್ನುತ್ತಿದ್ದಾರೆ ಎಂಬುದರ ಮೇಲೆ ಅವು ನಿಂತಿವೆ. ಈಗಾಗಲೇ ನಾರು ಚೆನ್ನಾಗಿ ತಿನ್ನುವವರು ಅದನ್ನು ಇನ್ನೂ ಏರಿಸಿದರೆ ಸಿಗುವ ಹೆಚ್ಚುವರಿ ಲಾಭ ಅಲ್ಪ.

ಡಬ್ಬಿಯ ನಾರು, ಮಾತ್ರೆಯ ಸತ್ವ

ರಕ್ಷಣೆ ನಾರಿನಿಂದ ಎಂದಾದರೆ ನಾರಿನ ಪುಡಿ ನುಂಗಬಾರದೇಕೆ? ತವುಡಿನ ಪ್ರಯೋಗದ ಫಲಿತಾಂಶ ಮೇಲೆಯೇ ಬಂದಿದೆ. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯಿಂದ ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚಿರುವ ಸುಮಾರು 900 ಜನರ ಪೈಕಿ ಅರ್ಧದಷ್ಟು ಜನರಿಗೆ ಜೀರ್ಣವಾಗದ ಪಿಷ್ಟವನ್ನು ಕೊಟ್ಟು ವರ್ಷಗಳ ಕಾಲ ಗಮನಿಸಿದ ಪ್ರಯೋಗದ ದೀರ್ಘಾವಧಿ ಫಲಿತಾಂಶ 2022ರಲ್ಲಿ ಬಂತು. ಕರುಳಿನ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ವಿಚಿತ್ರವೆಂದರೆ ಅವರಲ್ಲಿ ದೇಹದ ಇತರ ಭಾಗಗಳ ಕ್ಯಾನ್ಸರುಗಳು ಕಡಿಮೆಯಾದವು. ಆಹಾರದಿಂದ ಒಂದು ಅಂಶವನ್ನು ಕಿತ್ತು ತೆಗೆದು ಕೊಟ್ಟಾಗ ಇಂಥ ಅಚ್ಚರಿಗಳು ಹೊಸದಲ್ಲ. 1994ರಲ್ಲಿ ಫಿನ್ಲೆಂಡಿನ ಧೂಮಪಾನಿಗಳಿಗೆ, ಕ್ಯಾರೆಟ್ಟಿನಂಥ ತರಕಾರಿಗಳಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಅಂಶದ ಮಾತ್ರೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ತರಕಾರಿ ಹಾಗೂ ಹಣ್ಣು ಎಂದು ಹೇಳುವಾಗ, ಆ ನಾರು ಆಹಾರದಲ್ಲಿ ಸಹಜವಾಗಿ ಇರುವಂಥದ್ದೇ ಆಗಿರಬೇಕು ಎಂದು ಸೇರಿಸಿತು.

ಊಟ ತಲುಪದ ಜಾಗ

ಕೆಲವು ದೇಶಗಳಲ್ಲಿ 50 ವರ್ಷದೊಳಗಿನವರಲ್ಲಿ ಈ ಕ್ಯಾನ್ಸರ್ ಏರುತ್ತಿದೆ. ಅಮೆರಿಕದಲ್ಲಿ 1990ರ ಸುಮಾರಿಗೆ ಹುಟ್ಟಿದವರಿಗೆ, 1950ರ ಸುಮಾರಿಗೆ ಹುಟ್ಟಿದವರು ಅದೇ ವಯಸ್ಸಿನಲ್ಲಿದ್ದಾಗ ಇದ್ದುದಕ್ಕಿಂತ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಎರಡರಷ್ಟು, ಗುದನಾಳದ ಕ್ಯಾನ್ಸರಿನದು ನಾಲ್ಕರಷ್ಟು. ಊಟ, ತೂಕಗಳ ಮೇಲೆ ಅನುಮಾನವಿದೆ, ಆದರೆ ಪೂರ್ತಿ ಹೊಣೆಯನ್ನು ಅವುಗಳ ಮೇಲೆ ಹಾಕಲಾಗದು. 2025ರ ಏಪ್ರಿಲ್‌ನಲ್ಲಿ 11 ದೇಶಗಳ ರೋಗಿಗಳ ಗಂಟುಗಳನ್ನು ಪರೀಕ್ಷಿಸಿದ ಅಧ್ಯಯನವೊಂದು, ಕೋಲಿಬ್ಯಾಕ್ಟಿನ್ ಎಂಬ ಬ್ಯಾಕ್ಟೀರಿಯಾ ವಿಷ ಡಿಎನ್‌ಎಯಲ್ಲಿ ಬಿಡುವ ಗುರುತುಗಳು ಎಳೆಯ ವಯಸ್ಸಿನ ರೋಗಿಗಳಲ್ಲಿ ಹೆಚ್ಚಿರುವುದನ್ನು ತೋರಿಸಿತು. ಆ ಗಾಯ ಬಾಲ್ಯದಲ್ಲೇ ಆಗಿರಬಹುದು ಎಂಬುದು ಸಂಶೋಧಕರ ಊಹೆ.

ಆನುವಂಶಿಕ ಕಾರಣಗಳಿಗೂ ಇದೇ ಮಾತು. ಲಿಂಚ್ ಸಿಂಡ್ರೋಮ್ ಇರುವವರು, ಹತ್ತಿರದ ರಕ್ತಸಂಬಂಧಿಗಳಿಗೆ ಈ ರೋಗ ಬಂದವರು ಕೇವಲ ಊಟವನ್ನು ನೆಚ್ಚಿ ಕೂರುವಂತಿಲ್ಲ. ಕೊಲೊನೋಸ್ಕೋಪಿಯಲ್ಲಿ, ಎಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆಯಲ್ಲಿ, ಪಾಲಿಪ್ ಕಂಡರೆ ಅಲ್ಲೇ ತೆಗೆಯುತ್ತಾರೆ. ಯಾವ ಧಾನ್ಯಕ್ಕೂ ಆ ಶಕ್ತಿಯಿಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಪತ್ತೆಹಚ್ಚುವ ಸರಳ ಪರೀಕ್ಷೆಯೂ ಇದೆ. ಅಮೆರಿಕದ ತಜ್ಞರ ಕಾರ್ಯಪಡೆ 2021ರಲ್ಲಿ ತಪಾಸಣೆ ಆರಂಭಿಸುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು.

ನಾರನ್ನು ಹೆಚ್ಚಿಸಲು ಹೊರಟವರು ಕೆಲವು ವಾರಗಳಲ್ಲಿ ಹಂತ ಹಂತವಾಗಿ, ನೀರನ್ನೂ ಹೆಚ್ಚು ಕುಡಿಯುತ್ತಾ ಹೋದರೆ ಹೊಟ್ಟೆಯುಬ್ಬರ ಕಡಿಮೆ. ಕರುಳು ಕಿರಿದಾಗಿರುವವರು, ಕ್ರೋನ್ಸ್‌ನಂಥ ಉರಿಯೂತದ ಕಾಯಿಲೆ ಕೆರಳಿರುವವರು ವೈದ್ಯರನ್ನು ಕೇಳದೆ ನಾರು ಹೆಚ್ಚಿಸಬಾರದು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಕ್ರಮ, ಕಾರಣ ತಿಳಿಯದ ರಕ್ತಹೀನತೆ ಅಥವಾ ತೂಕ ಇಳಿಕೆ ಕಂಡವರಿಗೆ ಮೊದಲು ಬೇಕಿರುವುದು ಪರೀಕ್ಷೆ. ಊಟದ ಬದಲಾವಣೆ ಅದರ ನಂತರ.